ಉದ್ದ ನಳಿಗೆ
ನಮ್ಮ ಮೊಂಟಾನಾ ಕಡೆಯ ಬೇಟೆಗಾರರಲ್ಲಿ ಅಂಗಡಿಯ ಬಂದೂಕಿನ ತೋಟಾ ಕೈಯಲ್ಲೂ ಮುಟ್ಟದವನೆಂದರೆ ಹಾಲ್ವರ್ ಮುದುಕ. ತೋಟಾಕ್ಕೆ ಮದ್ದನ್ನು ತಾನೇ ತೂಗಿ ತುಂಬುತ್ತಾನೆ. ಆಗ ಪಕ್ಕದಲ್ಲಿ ಕೂತವರು ಸೀನುವಂತಿಲ್ಲ. ಚಳಿಗೆ ಮದ್ದು ಸೋತು ಗುಂಡು ನಿಧಾನವಾಗುತ್ತದೆಂದು ತೋಟಾಗಳನ್ನು ಒಳಂಗಿಯಲ್ಲಿಟ್ಟುಕೊಂಡು ಕೋಳಿಯ ಹಾಗೆ ಕಾವು ಕೊಡುತ್ತಾನೆ. ಯಾರಾದರೂ ಗಿಡ್ಡ ಬಂದೂಕು ತಂದರೋ, ಮುಗಿಯಿತು: "ನಳಿಗೆ ಕುಯ್ದ್ಯಾ? ಗುಂಡಿನ ವೇಗಾನೇ ಕುಯ್ದುಬಿಟ್ಯಲ್ಲೋ, ದಡ್ಡ!" ಆದರೆ ಅವನ ಗೋಡೆಯ ಮೇಲೇ ಒಂದು ಗಿಡ್ಡ ಬಂದೂಕಿದೆ. ಪುಟ್ಟ ಮಗಳು ಸಿಗ್ನೆ ಭಾರ ಹೊರಲಾರಳೆಂದು ತಾನೇ ಕುಯ್ದದ್ದು. ಅವಳು ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಕೊಂಡಳು. ಆ ಬಂದೂಕಿನ ಕೆಳಗೆ ಬಟ್ಟೆ ಸುತ್ತಿಟ್ಟ ಹೊಸ ಉದ್ದ ನಳಿಗೆಯೊಂದಿದೆ. ಅದಕ್ಕೆ ಇವತ್ತಿಗೂ ಎಣ್ಣೆ ಸವರುತ್ತಾನೆ. ಯಾಕೆಂದು ಕೇಳಿದೆ. "ಅವಳು ದೊಡ್ಡೋಳಾದ್ಮೇಲೆ ಹಾಕೋಣ ಅಂತ ತಂದಿದ್ದು," ಎಂದ, "ತುಕ್ಕು ಹಿಡೀಬಾರದಲ್ಲ."