ಶೇವಂತಿ ಕೌದಿ

ಗಂಗಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಹುಕ್ಕೇರಿ ಪೇಟೆಯಲ್ಲಿ ಅವರದು ಕೌದಿ ಅಂಗಡಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು, ಹಿಂದಿನ ಗೋಡೆಗೆ ಆತು, ರಸ್ತೆಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದರು. ಸೂಜಿ ತನ್ನ ಪಾಡಿಗೆ ಓಡುತ್ತಿತ್ತು. ಕಣ್ಣು ಮಾತ್ರ ಹೋಗಿಬರುವ ಪ್ರತಿ ಗಂಡಸಿನ ಮುಖದ ಮೇಲೆ ಒಮ್ಮೆ ನಿಂತು ಆಮೇಲೆ ಸರಿಯುತ್ತಿತ್ತು. ಗಿರಾಕಿಗಾಗಿ ಕಾಯುತ್ತಾರೆ ಅಂತ ನಾನು ತಿಳಿದಿದ್ದೆ.

ಅವರ ಎದುರಿಗೇ ನನ್ನ ಕಂಪ್ಯೂಟರ್ ಕ್ಲಾಸು. ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದ ಕಾಲ ಅದು. ಗಂಗಕ್ಕ ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು "ಟೀಚರ" ಅಂತಲೇ ಕರೆಯುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಗಂಟು ಹಿಡಿದುಕೊಂಡು ಊರಿಗೆ ಬಂದವರಂತೆ. ಎಳೆ ಎಣಿಸುವಾಗ ಮರಾಠಿಯಲ್ಲಿ ಎಣಿಸುತ್ತಿದ್ದರು. ಯಾವ ಊರೆಂದು ಕೇಳಿದರೆ, "ಆಚಿ ಕಡೆಯಾಕಿ ರೀ" ಎಂದು ನಕ್ಕು ಚಹಾ ತರಿಸುತ್ತಿದ್ದರು. ಹತ್ತಿರದ ಯಮಕನಮರಡಿಯ ನಾಲ್ವರು ಹೆಣ್ಣುಮಕ್ಕಳು ಹೊಲಿದು ತಂದ ಕೌದಿಗಳೂ ಅವರ ಅಂಗಡಿಯಲ್ಲೇ ಮಾರಾಟವಾಗಬೇಕಿತ್ತು. ಪೇಟೆಯ ಗಿರಾಕಿ ಅದಕ್ಕೆ ಸಾಲುತ್ತಿರಲಿಲ್ಲ.

ಅದಕ್ಕೇ ನಾನು ಅವರ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಇಂಟರ್ನೆಟ್ಟಿನಲ್ಲಿ ಕೌದಿ ಅಂತ ಹುಡುಕಿದವರಿಗೆ ಕಾಣುವಂತೆ ಜಾಹೀರಾತನ್ನೂ ಹಾಕಿದೆ. ಒಂದೇ ಜಾಹೀರಾತು, ಅದರಲ್ಲೇ ಎಲ್ಲ ಕೌದಿ. ಜನ ಬಂದರು, ನೋಡಿದರು, ಹೋದರು. ಯಾರೂ ಕೊಳ್ಳಲಿಲ್ಲ. ಬಂದವರು ಯಾವ ಊರಿನಿಂದ, ಏನೇನು ಟೈಪ್ ಮಾಡಿ ಬಂದಿದ್ದರು ಎಂಬ ಪಟ್ಟಿ ಸಿಗುತ್ತಿತ್ತು. ಅದನ್ನು ಗಂಗಕ್ಕನಿಗೆ ಓದಿ ಹೇಳಿದೆ. ಇಂಗ್ಲಿಷ್ ಬಾರದ ಆ ಹೆಂಗಸು ನನ್ನ ತಪ್ಪನ್ನು ಒಂದೇ ಸಲಕ್ಕೆ ಹಿಡಿದರು.

"ಕೂಸಿಗೆ ಕೌದಿ ಬೇಕಂದಾಕಿಗೆ ಇಬ್ಬರು ಮಲಗೂ ಕೌದಿ ತೋರಿಸಿದ್ರ ಆಕಿ ನಿಲ್ಲತಾಳೇನ್ರಿ ಟೀಚರ? ಕೂಸಿಂದು ಬ್ಯಾರೆ ಇಡ್ರಿ, ಮದುವಿಗೆ ಕೊಡೂದು ಬ್ಯಾರೆ ಇಡ್ರಿ. ಹೊಲಿಯೂದು ಕಲಿಸ್ರಿ ಅಂತ ಬರಾವರಿಗೆ ಬಾಗಲಾನ ತೆಗೀಬ್ಯಾಡ್ರಿ. ಯಾರು ಏನ ಕೇಳತಾರೋ ಅದನ್ನ ಅವರ ಕೈಯಾಗ ಇಡ್ರಿ."

ಹಾಗೇ ಮಾಡಿದೆ. ಒಂದೊಂದು ಬಗೆಗೂ ಒಂದೊಂದು ಜಾಹೀರಾತು, ಅದಕ್ಕೆ ತಕ್ಕ ಮಾತು, ಅದಕ್ಕೆ ತಕ್ಕ ಪುಟ. ಹೊಲಿಗೆ ಕಲಿಯುವವರು ಹುಡುಕುವಂಥ ಬೇಡದ ಪದಗಳನ್ನು ಹೊರಗಿಟ್ಟೆ. ತಿಂಗಳೊಳಗೆ ಪುಣೆ, ಮುಂಬೈಗಳಿಂದ ಫೋನು ಬರತೊಡಗಿದವು. ಪ್ರತಿ ಸೋಮವಾರ ಇಬ್ಬರೂ ಕೂತು ಪಟ್ಟಿ ಸೋಸುತ್ತಿದ್ದೆವು. ನಾನು ಕಂಪ್ಯೂಟರ್ ಕಲಿತದ್ದು ಕಾಲೇಜಿನಲ್ಲಿ, ವ್ಯಾಪಾರ ಕಲಿತದ್ದು ಆ ಸೋಮವಾರಗಳಲ್ಲಿ.

ಅವರದು ಒಂದೇ ಷರತ್ತು: ಫೋಟೋ ಬೇಡ, ಊರಿನ ಹೆಸರು ಬೇಡ. ನನಗದು ಹಳ್ಳಿಯವರ ಸಂಕೋಚ ಅನ್ನಿಸಿತು. ಊರು ಯಾವುದೆಂದು ತಿಳಿದರೆ ಜನ ಹೆಚ್ಚು ನಂಬುತ್ತಾರೆ ಅಂತ ಪುಟದ ಕೆಳಗೆ ಹುಕ್ಕೇರಿ ಎಂದು ಸೇರಿಸಿದೆ. ಹೊಲಿಯುತ್ತಿರುವ ಅವರ ಎರಡು ಕೈಗಳ ಚಿತ್ರವನ್ನೂ ಹಾಕಿದೆ. ಬಲಗೈ ಮೇಲೆ ಗಿಳಿಯ ಹಚ್ಚೆ, ಅದರ ಪಕ್ಕದಲ್ಲಿ ಒಂದು ಹಳೆಯ ಸುಟ್ಟ ಗುರುತು. ನೋಡಿದವರು ನಿಲ್ಲುವಂಥ ಚಿತ್ರ.

ಗಂಗಕ್ಕ ಅದನ್ನು ನೋಡಿದವರೇ ಎದ್ದು ನಿಂತರು. "ತೆಗೀರಿ ಟೀಚರ."

"ಮುಖ ಇಲ್ಲಲ್ರಿ ಅಕ್ಕಾರ. ಬರೇ ಕೈ ಐತಿ."

"ತೆಗೀರಿ ಅಂದ್ನೆಲ್ಲ." ಅಷ್ಟೇ ಹೇಳಿದರು. ಕಾರಣ ಹೇಳಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು, ಆರ್ಡರು ಒಂದೇ ಸಮ ಬರುತ್ತಿದ್ದವು. ಹಬ್ಬ ಮುಗಿಯಲಿ ಅಂತ ಚಿತ್ರವನ್ನು ಹಾಗೇ ಬಿಟ್ಟೆ. ತೆಗೆದಿದ್ದೇನೆ ಅಂತ ಸುಳ್ಳು ಹೇಳಿದೆ.

ಹಬ್ಬದ ಗದ್ದಲದಲ್ಲಿ ಎರಡು ಸೋಮವಾರ ಪಟ್ಟಿಯನ್ನು ನಾನೊಬ್ಬಳೇ ನೋಡಿದೆ. ಅದರಲ್ಲೊಂದು ಹೊಸ ಸಾಲು: ಶೇವಂತಿ ಕೌದಿ. ಯಾರೋ ಸೋಲಾಪುರದಿಂದ ದಿನಕ್ಕೆ ನಾಲ್ಕೈದು ಸಲ ಅದನ್ನೇ ಹುಡುಕುತ್ತಿದ್ದರು. ಹೂವಿನ ಚಿತ್ತಾರದ ಕೌದಿ ಕೇಳುತ್ತಿದ್ದಾರೆ ಅಂತ ನನಗೆ ಖುಷಿಯೇ ಆಯಿತು. ಗಂಗಕ್ಕ ಕಲಿಸಿದ ಹಾಗೆ ಅದಕ್ಕೂ ಒಂದು ಬೇರೆ ಜಾಹೀರಾತು ಮಾಡಿದೆ. ತಲೆಬರಹವನ್ನು ನಾನೇ ಬರೆದೆ: 'ಶೇವಂತಿ ಕೌದಿ ಹುಡುಕುತ್ತಿದ್ದೀರಾ? ಹುಕ್ಕೇರಿಯಲ್ಲಿದೆ.'

ಮುಂದಿನ ವಾರ ಅದೇ ಮಾತನ್ನು ಕೊಲ್ಲಾಪುರದಿಂದ ಹುಡುಕಿದ್ದರು. ಆಮೇಲೆ ಬೆಳಗಾವಿಯಿಂದ. ಬೇಡಿಕೆ ಊರೂರಿಗೆ ಹಬ್ಬುತ್ತಿದೆ ಅಂತ ಹಿಗ್ಗಿ, ಮಧ್ಯಾಹ್ನವೇ ರಸ್ತೆ ದಾಟಿ ಓಡಿದೆ.

"ಅಕ್ಕಾರ, ಶೇವಂತಿ ಹೂವಿನ ಕೌದಿ ಭಾಳ ಕೇಳಾಕತ್ತಾರ್ರಿ. ಒಂದ ನಾಕ ಹೊಲಿಸೂಣೇನ್ರಿ?"

ಅವರ ಸೂಜಿ ಬಟ್ಟೆಯೊಳಗೇ ನಿಂತಿತು. "ಏನಂತ ಕೇಳಾಕತ್ತಾರ?"

"ಶೇವಂತಿ ಕೌದಿ ಅಂತ."

"ಅದು ಹೂವಲ್ರಿ ಟೀಚರ," ಎಂದರು. ದನಿ ಬಹಳ ಸಣ್ಣಗಿತ್ತು. "ಶೇವಂತಿ ಅಂದ್ರ ನಾನಽ."

ಅವರಿಗೆ ಗಂಡನೊಬ್ಬ ಇದ್ದಾನೆಂದು ನನಗೆ ತಿಳಿದದ್ದು ಆಗ. ಕೈ ಸುಟ್ಟದ್ದು ಒಲೆಯಲ್ಲ, ಅವನು. ಮೂರು ಸಲ ಓಡಿಹೋಗಿದ್ದರು, ಮೂರು ಸಲವೂ ಹುಡುಕಿ ಎಳೆದು ತಂದಿದ್ದ. ನಾಲ್ಕನೆಯ ಸಲ ಹೆಸರು ಬಿಟ್ಟು ಬಂದಿದ್ದರು.

ನಾನು ಅಳುತ್ತ ಎಲ್ಲವನ್ನೂ ಹೇಳಿದೆ: ಚಿತ್ರ ತೆಗೆಯದೆ ಇದ್ದದ್ದು, ಜಾಹೀರಾತಿನಲ್ಲಿ ಬರೆದದ್ದು. ಓಡಿಹೋಗಿ ಎಲ್ಲವನ್ನೂ ಅಳಿಸಿ ಬಂದೆ. "ಈಗ ಅಳಿಸಿದ್ರೇನ ಬಂತ್ರಿ, ಅಂವ ಓದಿ ಆತು," ಎಂದರು. "ಕಡೀಕ ಎಲ್ಲಿಂದ ಹುಡುಕ್ಯಾನ?"

"ಬೆಳಗಾವಿಯಿಂದ. ನಿನ್ನಿ."

"ಪೊಲೀಸರಿಗೆ ಹೇಳೂಣ್ರಿ ಅಕ್ಕಾರ," ಎಂದೆ.

"ಆವಾಗೂ ಹೇಳಿದ್ನಿ. ಗಂಡಾ ಹೆಂಡ್ತಿ ಜಗಳ ಅಂತ ಅವನ ಕೈಯಾಗಽ ಕೊಟ್ಟು ಕಳಿಸಿದ್ರು."

ಅವರು ಕೂತು ಕೈಯಲ್ಲಿದ್ದ ಮದುವೆ ಕೌದಿಯ ಕೊನೆಯ ಅಂಚನ್ನು ಹೊಲಿದು ಮುಗಿಸಿದರು. ಯಮಕನಮರಡಿಯವರ ಕೌದಿಗಳಿಗೆಲ್ಲ ಚೀಟಿ ಅಂಟಿಸಿ ನನ್ನ ಕ್ಲಾಸಿಗೆ ಸಾಗಿಸಿದರು. ಸಂಜೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿದ್ದೆವು. "ತಪ್ಪಾತ್ರಿ ಅಕ್ಕಾರ," ಎಂದೆ. ಅವರು ಇಲ್ಲ ಅನ್ನಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, "ಆ ಕಡೆ ತಿರುಗಿ ನಿಂದರ್ರಿ. ಬಸ್ಸಿನ ಬೋರ್ಡ್ ಓದಬ್ಯಾಡ್ರಿ," ಎಂದರು. ನಾನು ತಿರುಗಿ ನಿಂತೆ. ಹಿಂದೆ ಮೂರು ಬಸ್ಸು ಹೊರಟವು. ತಿರುಗಿ ನೋಡಿದಾಗ ಅವರಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟ, ಮೆಲುಮಾತಿನ ಗಂಡಸೊಬ್ಬ ಕ್ಲಾಸಿನ ಬಾಗಿಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದ.

"ಎದುರಿನ ಅಂಗಡಿಯವರು ಎಲ್ಲಿ ಹ್ವಾದ್ರು ಮೇಡಮ್?"

"ಗೊತ್ತಿಲ್ರಿ." ಅದು ಖರೆಯೇ ಆಗಿತ್ತು.

"ಹುಕ್ಕೇರಿಯಾಗ ಸಿಗತೈತಿ ಅಂತ ಹಾಕಿದ್ರೆಲ್ಲ," ಎಂದು ನಕ್ಕ. "ಅದನ್ನ ನೋಡಿ ಬಂದೀನಿ." ನನ್ನ ಕಂಪ್ಯೂಟರಿನ ಕಡೆ ಒಮ್ಮೆ ನೋಡಿ ಹೋದ. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತ. ನಾಲ್ಕು ದಿನ ಹಾಗೇ ಕೂತು, ಐದನೆಯ ದಿನ ಬರಲಿಲ್ಲ. ಬೇಸತ್ತು ಹೋದನೋ, ಸುಳಿವು ಸಿಕ್ಕಿ ಹೋದನೋ ನನಗೆ ತಿಳಿಯದು.

ಆಮೇಲೆ ಗಂಗಕ್ಕನಿಂದ ಒಂದು ಪತ್ರವಿಲ್ಲ, ಫೋನಿಲ್ಲ. ಎಷ್ಟೋ ಸಲ ಅವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಕು ಅನ್ನಿಸಿ ಕೀಬೋರ್ಡಿನ ಮೇಲೆ ಕೈ ಇಟ್ಟಿದ್ದೇನೆ. ಅವರ ಎರಡು ಹೆಸರುಗಳಲ್ಲಿ ಒಂದನ್ನೂ ಈವರೆಗೆ ಟೈಪ್ ಮಾಡಿಲ್ಲ. ನಾನು ಹುಡುಕಿದ್ದು ಯಾರದೋ ಪಟ್ಟಿಯಲ್ಲಿ ಒಂದು ಸಾಲಾಗಿ ಬೀಳುತ್ತದೆ. ಅದನ್ನು ಯಾರು ಕೂತು ಓದುತ್ತಾರೋ ನನಗೆ ಗೊತ್ತಿಲ್ಲ.