ಹುಲ್ಲು ಕಾಯುವ ಮರಿಸಿದ್ದಯ್ಯ

ಮಂಡ್ಯದ ನಾಲೆ ಇಂಜಿನಿಯರರ ಬಂಗಲೆಯ ಹುಲ್ಲುಹಾಸಿಗೆ ಹುಳ ಬಿದ್ದರೆ ಮಾಲಿ ಮರಿಸಿದ್ದಯ್ಯ ಮನೆಗೆ ನೆಂಟರು ಬಂದಂತೆ ಸಡಗರಪಡುತ್ತಿದ್ದ. ತನ್ನೂರು ಗುತ್ತಲಿನಿಂದ ಬೆಳಗ್ಗೆಯೇ ಬಂದು ಬೇವಿನ ಹಿಂಡಿ ಎರಚುತ್ತಿದ್ದ. ಅಂಟುವಾಳದ ನೀರು ಚಿಮುಕಿಸಿ, ಹುಳಗಳು ಮೇಲೆದ್ದೊಡನೆ ದೂರ ಸರಿದು ಕುಕ್ಕರಗಾಲಿನಲ್ಲಿ ಕೂತು, "ಬನ್ರವ್ವಾ, ಉಣ್ಣಕ್ಕೆ ಇಕ್ಕಿವ್ನಿ" ಎಂದು ಗೊರವಂಕಗಳನ್ನು ಕರೆಯುತ್ತಿದ್ದ. ಅವು ಉಂಡು ಹಾರುವವರೆಗೆ ಯಾರು ಕೂಗಿದರೂ ಏಳುತ್ತಿರಲಿಲ್ಲ. ಸಾಹೇಬರು ಬೆಂಗಳೂರಿನಿಂದ ತರಿಸಿಕೊಟ್ಟ ವಿಷದ ಪುಡಿಯ ಡಬ್ಬವನ್ನು ಮಾತ್ರ ಅವನು ತೆರೆಯಲೇ ಇಲ್ಲ. "ಹೇಳಿದ್ದು ಮಾಡದಿದ್ದರೆ ನಾಳೆಯಿಂದ ಬರಬೇಡ" ಎಂದು ಅವರು ಗದರಿದ ದಿನ, ಮನೆಯೊಡತಿ ಅಲಮೇಲಮ್ಮ ಹೊರಗೆ ಬಂದು ಕಾರಣ ಕೇಳಿದರು. "ನಿಮ್ಮ ಕೂಸು ಉಲ್ಲ ಕಿತ್ತು ಬಾಯ್ಗಿಟ್ಕತದೆ ಕಣಮ್ಮ, ದಿನಾ ನೋಡ್ತಿವ್ನಿ" ಎಂದ. ಎರಡು ಮಕ್ಕಳನ್ನು ಕಳೆದುಕೊಂಡು ಇದೊಂದನ್ನು ಉಳಿಸಿಕೊಂಡಿದ್ದ ಆ ತಾಯಿ, ಅಂದಿನಿಂದ ಅವನಿಗೆ ಕಾಫಿ ಕೊಡದೆ ತಾವು ಕುಡಿಯಲಿಲ್ಲ.