ಏಳಣ್ಣ, ಏಳು!

ನನ್ನ ಅಣ್ಣ ಒಂದೇ ಸಿನಿಮಾದಲ್ಲಿ ನಾಲ್ಕು ಸಲ ಸತ್ತವನು. ಹೀಗೆಂದರೆ ಜನ ನಗುತ್ತಾರೆ. ನಗಲಿ, ಮೊದಲ ಮೂರು ಸಾವುಗಳನ್ನು ಅವನೇ ಮನೆಗೆ ಬಂದು ಹೇಳಿದಾಗ ನಾನೂ ನಕ್ಕಿದ್ದೇನೆ. ಸಿನಿಮಾಗಳಲ್ಲಿ ಹೊಡೆತ ತಿನ್ನುವುದೇ ಅವನ ಕೆಲಸವಾಗಿತ್ತು. ಹೀರೊ ಕೈ ಬೀಸಿದರೆ ಇವನು ಗಾಜು ಒಡೆದುಕೊಂಡು ಆಚೆಗೆ ಬೀಳಬೇಕು, ಮಹಡಿಯಿಂದ ಉರುಳಬೇಕು. ಹೀರೊನ ಕೈ ಇವನ ಮೈಗೆ ತಾಗುತ್ತಲೇ ಇರಲಿಲ್ಲ. ನೆಲ ಮಾತ್ರ ಪ್ರತಿ ಸಲವೂ ನಿಜವಾಗಿಯೇ ತಾಗುತ್ತಿತ್ತು.

ಆ ಸಿನಿಮಾವೋ ಒಂದು ವಿಚಿತ್ರ ಕಲಬೆರಕೆ. ಧೂಳು ಹಿಡಿದ ಊರು, ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಕುದುರೆ, ಎಲ್ಲ ಕೌಬಾಯ್ ಸಿನಿಮಾದ ಸರಕೇ. ಆದರೆ ಹೀರೊನ ಬೆನ್ನಿಗೆ ಬಂದೂಕಿನ ಬದಲು ಗಿಟಾರ್. ಊರಿನಲ್ಲಿ ಯಾರೂ ಹಾಡಕೂಡದೆಂದು ಅಪ್ಪಣೆ ಮಾಡಿದ ಒಬ್ಬ ಗಣಿ ಮಾಲೀಕ, ಅವನ ಸುತ್ತ ಬಂಟರು. ಹೀರೊ ಊರ ನಡುವೆ ಆಳೆತ್ತರದ ಸ್ಪೀಕರುಗಳನ್ನು ನಿಲ್ಲಿಸಿ ರಾಕ್ ಸಂಗೀತ ಬಾರಿಸುತ್ತಾನೆ. ಒಂದೊಂದು ಹಾಡಿಗೆ ಒಂದೊಂದು ಹೊಡೆದಾಟ. ಅಂಥ ಊರಿಗೆ ಕರೆಂಟ್ ಎಲ್ಲಿಂದ ಬಂತು ಎಂದು ಮಾತ್ರ ಕೇಳಬಾರದು.

ನಿರ್ಮಾಪಕನ ಕೈ ಬಿಗಿ, ಬಂಟರಾಗಲು ಸಾಕಷ್ಟು ಜನರಿರಲಿಲ್ಲ. ಹಾಗಾಗಿ ಅಣ್ಣ ಮೊದಲು ದಪ್ಪ ಮೀಸೆ ಅಂಟಿಸಿಕೊಂಡು ಕಿಟಕಿಯಿಂದ ಬಿದ್ದು ಸತ್ತ. ಆಮೇಲೆ ಗಡ್ಡ ಇಟ್ಟುಕೊಂಡು ಬಂದು ಕುದುರೆಯ ಕಾಲಡಿ ಸತ್ತ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ನೀರಿನ ತೊಟ್ಟಿಯಲ್ಲಿ ಸತ್ತ. ನಾಲ್ಕನೆಯ ಸಲಕ್ಕೆ ವೇಷಗಳೇ ಮುಗಿದಿದ್ದವು. ತನ್ನ ಸ್ವಂತ ಮುಖದಲ್ಲೇ ನೀರಿನ ಟ್ಯಾಂಕಿನ ಮೇಲಿಂದ ಬಿದ್ದ. ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಮತ್ತೆಂದೂ ಏನೂ ಅಲುಗಲಿಲ್ಲ. ಅವನು ಬಿದ್ದದ್ದನ್ನು ಸಿನಿಮಾದಲ್ಲಿ ಹಾಗೆಯೇ ಉಳಿಸಿಕೊಂಡರು. ಬಿಡುಗಡೆಯಾದ ವಾರಕ್ಕೆ ಸಿನಿಮಾವೂ ನೆಲ ಕಚ್ಚಿತು.

ಅಷ್ಟೆತ್ತರದಿಂದ ಬೀಳುವವನಿಗಾಗಿ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ, ಮೇಲೆ ಹಾಸಿಗೆ ಹಾಸಿರುತ್ತಾರೆ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಪೆಟ್ಟಿಗೆಗಳು ಕುಸಿಯುತ್ತಾ ಕುಸಿಯುತ್ತಾ ಬಿದ್ದವನನ್ನು ಮೆಲ್ಲಗೆ ಇಳಿಸಿಕೊಳ್ಳುತ್ತವೆ. ಅವನ್ನು ಜೋಡಿಸುತ್ತಿದ್ದವನು ಅಣ್ಣನ ಜೀವದ ಗೆಳೆಯ. ನಾವೆಲ್ಲ ಅವನನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದೆವು. ಆ ದಿನ ಅವನು ಎಲ್ಲ ಜೋಡಿಸಿಟ್ಟು ಚಹಾ ಕುಡಿಯಲು ಹೋಗಿದ್ದಾಗ, ಸ್ಪೀಕರು ಸರಿಸುವವರು ಪೆಟ್ಟಿಗೆಗಳ ರಾಶಿಯನ್ನೂ ಪಕ್ಕಕ್ಕೆ ತಳ್ಳಿಬಿಟ್ಟಿದ್ದರು. ಅದನ್ನು ಯಾರೂ ನೋಡಲಿಲ್ಲ. ನಮಗೆ ತಿಳಿದಿದ್ದು ಇಷ್ಟು.

ಅತ್ತಿಗೆ ಪೆಟ್ಟಿಗೆಗೆ ಹಿಡಿಶಾಪ ಹಾಕಿದಳು. ನಮ್ಮದು ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಎರಡು ಕೋಣೆ. ಅವನು ಬ್ರೆಡ್ಡಿನ ಪೊಟ್ಟಣ ಹಿಡಿದು ಮೆಟ್ಟಿಲ ಬುಡದಲ್ಲಿ ಬಂದು ನಿಲ್ಲುತ್ತಿದ್ದ. ಅತ್ತಿಗೆ ಮೇಲಿನಿಂದಲೇ ಕೂಗುತ್ತಿದ್ದಳು.

"ನನ್ನ ಗಂಡನ ಕಾಲು ತಂದಿದ್ದೀಯಾ? ತಂದಿದ್ರೆ ಹತ್ತಿ ಬಾ. ಇಲ್ದಿದ್ರೆ ಅಲ್ಲೇ ನಿಂತಿರು."

ಅವನು ಸ್ವಲ್ಪ ಹೊತ್ತು ನಿಂತು, ಪೊಟ್ಟಣವನ್ನು ಕೊನೆಯ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ವರ್ಷಗಟ್ಟಲೆ ಬಂದ. ಆಮೇಲೆ ಬರುವುದು ನಿಂತಿತು. ಇದೆಲ್ಲ ಮಂಚದ ಮೇಲಿದ್ದ ಅಣ್ಣನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ಅಣ್ಣ ಮೂಲೆ ಹಿಡಿದು ಕೂರುವ ಜಾತಿಯವನಲ್ಲ. ನಾವು ಕೆಳಗೆ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಬುಟ್ಟಿಯಲ್ಲಿಟ್ಟರೆ ಅವನು ಕಿಟಕಿಯಿಂದ ಹಗ್ಗ ಎಳೆದು ಮೇಲೆ ತೆಗೆದುಕೊಳ್ಳುತ್ತಿದ್ದ. ಗಾಲಿಕುರ್ಚಿಯಲ್ಲಿ ಕೂತು ಮಡಚಿ, ಕಾಗದ ಸುತ್ತಿ, ಮತ್ತೆ ಇಳಿಬಿಡುತ್ತಿದ್ದ. ಬುಟ್ಟಿ ತಡವಾದರೆ ಮೇಲಿನಿಂದ ನನಗೆ ಬೈಗುಳ ಬೇರೆ. ಅವನ ತೋಳುಗಳು ಕೊನೆಯವರೆಗೂ ಪೈಲ್ವಾನನ ತೋಳುಗಳೇ. ಒಂದು ವಿಷಯದಲ್ಲಿ ಮಾತ್ರ ಹಟ: ಆ ಸಿನಿಮಾವನ್ನು ಮನೆಯಲ್ಲಿ ಯಾರೂ ನೋಡಕೂಡದು. ಅವನಿಗೆ ಸಂಕಟವಾಗುತ್ತದೆಂದು ನಾವೂ ಸುಮ್ಮನಿದ್ದೆವು.

ಅತ್ತಿಗೆಯ ಆಸೆ ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ದಿಂಬಿನ ಚೀಲ ಇಸ್ತ್ರಿ ಮಾಡುತ್ತಾ ಹೇಳಿದಳು: "ಅವರು ನಡೆಯೋದು ಹೇಗಿತ್ತು ಅನ್ನೋದೇ ಮರ್ತು ಹೋಗ್ತಿದೆ ಕಣೆ. ಕನಸಲ್ಲಿ ಬಂದ್ರೂ ಕುರ್ಚಿಲೇ ಬರ್ತಾರೆ. ಒಂದ್ಸಲ ನಡೆಯೋದು ನೋಡ್ಬೇಕು." ಮದುವೆಯ ಫೋಟೋದಲ್ಲೂ ಅಣ್ಣ ಕೂತೇ ಇದ್ದ, ಹಾಳಾದವನು. ಅವನು ನಡೆದಾಡುವುದು ಈ ಲೋಕದಲ್ಲಿ ಉಳಿದಿದ್ದು ಆ ಸಿನಿಮಾದಲ್ಲಿ ಮಾತ್ರ.

ಕೊನೆಗೆ ದಾರಿ ಮಾಡಿಕೊಟ್ಟವನು ಒಬ್ಬ ಎಲೆಕ್ಟ್ರಿಷಿಯನ್. ಫ್ಯಾನ್ ರಿಪೇರಿಗೆ ಬಂದವನು ಸ್ಟೂಲಿನ ಮೇಲೆ ನಿಂತು ಅಣ್ಣನ ಮುಖ ನೋಡಿದವನೇ ಸ್ಕ್ರೂಡ್ರೈವರ್ ಕೈಬಿಟ್ಟ.

"ನೀವು ಸಾಯದಣ್ಣ ಅಲ್ವಾ?"

ಆಗಲೇ ನಮಗೆ ತಿಳಿದಿದ್ದು. ನೆಲ ಕಚ್ಚಿದ ಸಿನಿಮಾ ಯಾವಾಗಲೋ ಎದ್ದು ಕೂತಿತ್ತು. ಹಳೆ ಥಿಯೇಟರೊಂದರಲ್ಲಿ ಆಗಾಗ ಭಾನುವಾರ ಬೆಳಗಿನ ಆಟ ಹಾಕುತ್ತಾರಂತೆ, ಹುಚ್ಚು ಹಿಡಿದ ಹಾಗೆ ಜನ ಬರುತ್ತಾರಂತೆ. ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ಸತ್ತ ಬಂಟ ಮತ್ತೆ ಮತ್ತೆ ಬರುವುದನ್ನು ಕಂಡುಹಿಡಿದು ಅವನಿಗೆ ಸಾಯದಣ್ಣ ಎಂದು ಹೆಸರಿಟ್ಟಿದ್ದಾರೆ. ಅವನು ಬಿದ್ದಾಗಲೆಲ್ಲ ಇಡೀ ಥಿಯೇಟರು "ಏಳಣ್ಣ, ಏಳು!" ಎಂದು ಕೂಗುತ್ತದೆ. ಮುಂದಿನ ದೃಶ್ಯದಲ್ಲಿ ಬೇರೆ ಮೀಸೆಯಲ್ಲಿ ಬಂದರೆ ಸಿಳ್ಳೆಯೋ ಸಿಳ್ಳೆ.

ನನಗೆ ಮೈ ಉರಿದುಹೋಯಿತು. "ಎದ್ದೇಳೋಕಾಗದೆ ಬಿದ್ದಿರೋನ್ನ ಏಳು ಅಂತ ಕೂಗಿ ನಗ್ತೀರಾ? ಯಾರಪ್ಪ ಇದನ್ನ ಹೇಳಿಕೊಟ್ಟಿದ್ದು?"

ಅವನ ಮುಖ ಸಪ್ಪಗಾಯಿತು. "ನಮಗೆ ಗೊತ್ತಿರ್ಲಿಲ್ಲ ಅಕ್ಕ, ಆಣೆಗೂ. ಮೊದಲು ಯಾರೋ ವಯಸ್ಸಾದವರು ಕೂಗ್ತಿದ್ರು. ಆಗ ಥಿಯೇಟರ್ ಖಾಲಿ ಹೊಡೀತಿತ್ತು. ಅವರೊಬ್ರೇ ಮುಂದಿನ ಸಾಲಲ್ಲಿ ಕೂತಿರೋರು. ಕೊನೇ ಸಲ ಟ್ಯಾಂಕಿಂದ ಬಿದ್ದಾಗ ಮಾತ್ರ 'ಏಳೋ, ಏಳೋ' ಅನ್ನೋರು. ನಮಗೆ ತಮಾಷೆ ಅನ್ನಿಸ್ತು, ನಾವೂ ಹಿಡ್ಕೊಂಡ್ವಿ."

ಅಣ್ಣ ಕೇಳಿದನೋ ಇಲ್ಲವೋ, ಒಂದು ಅಂಗಿಯನ್ನೇ ಬಿಚ್ಚಿ ಬಿಚ್ಚಿ ಮಡಚುತ್ತಿದ್ದ.

ಅತ್ತಿಗೆ ಹೊರಟೇ ನಿಂತಳು. "ನೀವು ಬಂದ್ರೂ ಸರಿ, ಬರದಿದ್ರೂ ಸರಿ. ನಾನು ನೋಡೇ ನೋಡ್ತೀನಿ" ಎಂದಳು. ಗಂಡನಿಗೆ ಅವಳು ಎದುರಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಣ್ಣ ಬೇಡವೆಂದ, ಸಿಡುಕಿದ, ಊಟ ಬಿಟ್ಟ. ಕಡೆಗೆ "ಹಾಗಾದ್ರೆ ನಾನೂ ಬರ್ತೀನಿ" ಎಂದ. ಎಲೆಕ್ಟ್ರಿಷಿಯನ್ನೂ ಅವನ ಗೆಳೆಯರೂ ಕುರ್ಚಿಯ ಸಮೇತ ಅವನನ್ನು ಕೆಳಗಿಳಿಸಿದರು.

ಥಿಯೇಟರಿನಲ್ಲಿ ಸಾಲುಗಳ ನಡುವಿನ ದಾರಿಯಲ್ಲಿ ಅವನ ಕುರ್ಚಿ, ಪಕ್ಕದಲ್ಲಿ ಅತ್ತಿಗೆ, ಅವಳ ಪಕ್ಕ ನಾನು. ಮೊದಲ ಸಾವಿಗೆ ಜನ "ಏಳಣ್ಣ" ಎಂದು ಅಬ್ಬರಿಸಿದಾಗ ನಾನು ಬಗ್ಗಿ ಅಣ್ಣನ ಕಡೆ ನೋಡಿದೆ. ಗಡ್ಡ ಹಚ್ಚಿಕೊಂಡು ಅಣ್ಣ ಮತ್ತೆ ಬಂದಾಗ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಣ್ಣ ಮಾತ್ರ ಪರದೆ ನೋಡುತ್ತಿರಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ.

ಕೊನೆಯ ಹಾಡು ಶುರುವಾಯಿತು. ಅಣ್ಣ ತನ್ನದೇ ಮುಖ ಹೊತ್ತು ಧೂಳಿನ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದುಹೋದ. ಅತ್ತಿಗೆ ಅವನ ತೋಳು ಹಿಡಿದುಕೊಂಡಳು.

"ಎಡಗಾಲು ಸ್ವಲ್ಪ ಎಳೆದು ಹಾಕ್ತಿದ್ರಿ. ನೋಡಿ, ಮರ್ತೇಬಿಟ್ಟಿದ್ದೆ" ಎಂದಳು. ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಪರದೆಯ ಮೇಲೆ ಅಣ್ಣ ಏಣಿ ಹತ್ತಿ ಟ್ಯಾಂಕಿನ ಮೇಲೆ ನಿಂತ. ಕ್ಯಾಮೆರಾ ಅವನ ಮುಖಕ್ಕೆ ಬಂತು. ಅವನು ಕೆಳಗೆ ನೋಡಿದ. ಸ್ವಲ್ಪ ಎಡಕ್ಕೆ ನೋಡಿದ, ಮತ್ತೆ ಕೆಳಗೆ ನೋಡಿದ. ಹೆಬ್ಬೆರಳಿನಿಂದ ಮೂಗು ಒರೆಸಿಕೊಂಡ. ಆಮೇಲೆ ಹಾರಿದ.

ಜನ ಎದ್ದು ನಿಂತು ಕೂಗಿದರು. ಏಳಣ್ಣ, ಏಳು! ಏಳಣ್ಣ, ಏಳು! ಹಾಡು ಮುಗಿಯಿತು, ಹೀರೊ ಕುದುರೆ ಹತ್ತಿ ಹೋದ, ಅವರು ಕೂಗುತ್ತಲೇ ಇದ್ದರು. ನಾಲ್ಕನೆಯ ಸಾವಾದ ಮೇಲೆ ಅವನು ಮತ್ತೆ ಬರುವುದಿಲ್ಲವೆಂದು ಗೊತ್ತಿದ್ದೂ ಕೂಗುತ್ತಿದ್ದರು. ಅತ್ತಿಗೆ ಅಣ್ಣನ ತೋಳು ಬಿಟ್ಟಿದ್ದಳು.

ಆ ಹೆಬ್ಬೆರಳು ನಮ್ಮಿಬ್ಬರಿಗೂ ಗೊತ್ತು. ಬೈಸಿಕೊಳ್ಳುವ ಕೆಲಸಕ್ಕೆ ಕೈ ಹಾಕುವ ಮೊದಲು ಅಣ್ಣ ಚಿಕ್ಕಂದಿನಿಂದಲೂ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದ. ಬೇಡವೆಂದರೂ ಬೀರು ಎತ್ತುವಾಗ, ಜ್ವರವಿದ್ದರೂ ಕೆಲಸಕ್ಕೆ ಹೊರಡುವಾಗ.

ಮನೆಗೆ ಬಂದು, ಕುರ್ಚಿ ಹೊತ್ತವರು ಇಳಿದುಹೋದ ಮೇಲೆ ಅತ್ತಿಗೆ ಕೇಳಿದಳು.

"ಪೆಟ್ಟಿಗೆ ರಾಶಿ ಸರಿದಿತ್ತು. ನೀವು ನೋಡಿದ್ರಿ."

"ನೋಡ್ದೆ."

"ನೋಡಿ ಹಾರಿದ್ರಿ."

"ಆಚೆಗೆ ಇನ್ನೊಂದು ಮೊಳ ಹಾರಿದ್ರೆ ಸಿಗುತ್ತೆ ಅನ್ಕೊಂಡೆ. ಹೊತ್ತು ಮುಳುಗ್ತಿತ್ತು. ಬೇಡ ಅಂತ ಕೈ ಎತ್ತಿದ್ರೆ ಶೂಟಿಂಗೇ ನಿಂತುಹೋಗ್ತಿತ್ತು. ಹಾಡು ತುಂಬ ಚೆನ್ನಾಗಿತ್ತು ಕಣೇ. ನಾನು ಹಾರೋ ಜಾಗಕ್ಕೆ ಬಂದುಬಿಟ್ಟಿತ್ತು. ನಿಲ್ಸೋಕೆ ಮನಸ್ಸಾಗ್ಲಿಲ್ಲ."

"ಮತ್ತೆ ಅವನನ್ನ? ನಾನು ಅವನನ್ನ ಬಾಯಿಗೆ ಬಂದಹಾಗೆ ಅಂತಿದ್ನಲ್ಲ, ಮೆಟ್ಟಿಲ ಕೆಳಗೆ ನಿಲ್ಲಿಸಿ? ಆಗ್ಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಇರ್ತಿದ್ಯಾ?" ಅಣ್ಣ ತಲೆ ಎತ್ತಲಿಲ್ಲ. "ಬೇರೆಯವರ ತಪ್ಪಿಂದ ಬಿದ್ದೋನಿಗೆ ಸೇವೆ ಮಾಡ್ತಾರೆ. ಕಣ್ಣಾರೆ ನೋಡಿ ಹಾರಿದೋನ್ನ ಯಾರು ತೊಳೀತಾರೆ, ಯಾರು ಹೊರಳಿಸ್ತಾರೆ?"

ಅತ್ತಿಗೆ ಅವನ ಮುಖ ಕಾಣುವಂತೆ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು.

"ಇರ್ತಿದ್ದೆ" ಎಂದಳು. "ಬೈಕೊಂಡು ಇರ್ತಿದ್ದೆ. ಆದ್ರೆ ನಿಮಗೇ ಬೈತಿದ್ದೆ."

ಮರುದಿನ ನಾವಿಬ್ಬರೂ ಪೆಟ್ಟಿಗೆಯನ್ನು ಹುಡುಕಿಕೊಂಡು ಹೊರಟೆವು. ಹೋಗುವಾಗ ಅಣ್ಣ "ಅವನನ್ನ ಮೇಲೆ ಕರ್ಕೊಂಡು ಬಾ" ಎಂದಷ್ಟೇ ಹೇಳಿದ. ಅತ್ತಿಗೆ ಬ್ರೆಡ್ಡಿನ ಪೊಟ್ಟಣವೊಂದನ್ನು ಕೊಂಡಳು. ಮಾರುಕಟ್ಟೆಯ ಹಿಂದೆ ಹಳೆಯ ರಟ್ಟಿನ ಪೆಟ್ಟಿಗೆ ಮಾರುವ ಅಂಗಡಿ ಅವನದು. ಅಲ್ಲಿ ಅವನ ಮಗಳು ಕೂತಿದ್ದಳು. ನಾವು ಯಾರೆಂದು ಹೇಳಿದ ಕೂಡಲೇ ಎದ್ದು ಸ್ಟೂಲು ಒರೆಸಿ ಕೊಟ್ಟಳು.

"ಅಪ್ಪ ಹೋದ ವರ್ಷ ತೀರ್ಕೊಂಡ್ರು" ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. "ಆ ಸಿನಿಮಾ ಹಾಕಿದಾಗೆಲ್ಲ ತಪ್ಪದೆ ಹೋಗ್ತಿದ್ರು. ಮುಂದಿನ ಸಾಲಲ್ಲೇ ಕೂರೋದು. ಮನೆಗೆ ಬಂದ್ರೆ ಗಂಟಲು ಕಟ್ಟಿರ್ತಿತ್ತು. ಯಾಕಪ್ಪ ಅಷ್ಟು ಜೋರಾಗಿ ಕೂಗ್ತೀರಿ ಅಂದ್ರೆ, ಅಲ್ಲಿತನಕ ಕೇಳ್ಬೇಕಲ್ಲಮ್ಮ ಅನ್ನೋರು."

ಅತ್ತಿಗೆ "ತಪ್ಪು ನಿಮ್ಮಪ್ಪಂದಲ್ಲಮ್ಮ" ಎಂದಷ್ಟೇ ಹೇಳಿ ಪೊಟ್ಟಣವನ್ನು ಅವಳ ಮುಂದಿಟ್ಟಳು. ಮಗಳು ತಲೆಯಾಡಿಸಿದಳು. ಗಿರಾಕಿ ಬಂದ. ನಾವು ಎದ್ದೆವು.

ಅಣ್ಣ ಕಿಟಕಿಯ ಬಳಿ ಕಾಯುತ್ತಿದ್ದ. ನಾವಿಬ್ಬರೇ ಬಂದದ್ದನ್ನು ಮೇಲಿನಿಂದಲೇ ನೋಡಿದ್ದ. ಅತ್ತಿಗೆ ಎಲ್ಲವನ್ನೂ ಹೇಳಿದಳು, ಸಾವನ್ನು, ಕೂಗನ್ನು, ಗಂಟಲು ಕಟ್ಟುತ್ತಿದ್ದುದನ್ನು. ಅವನು ಬುಟ್ಟಿಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡ.

"ಎಲ್ಲಿ ಕೂರ್ತಿದ್ನಂತೆ?"

"ಮುಂದಿನ ಸಾಲಲ್ಲಿ."

"ಅಲ್ಲಿ ಕೂತ್ರೆ ಕತ್ತು ನೋಯುತ್ತಲ್ಲೇ ಅವನಿಗೆ" ಎಂದ ಅಣ್ಣ. ಬೆನ್ನು ಮುರಿದ ದಿನವೂ ಅಳದಿದ್ದವನು ಹಗ್ಗ ಸುತ್ತಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ.